ಎಡಗಾಲಿಗೆ ಕೆಲಸವಿಲ್ಲದ ಕಾರು

ನನಗೆ ಮಾತು ಚೆನ್ನಾಗಿ ಬರುತ್ತದೆ, ಆದರೆ ಬೇರೆಯವರ ದನಿಯಲ್ಲಿ ಮಾತ್ರ. ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಗಂಟಲು ಸರಿ ಮಾಡಿಕೊಂಡು, ಕನ್ನಡಕ ತೆಗೆದು ಒರೆಸಿ, ಮತ್ತೆ ಗಂಟಲು ಸರಿ ಮಾಡಿಕೊಂಡು, ಕೊನೆಗೆ ಏನೂ ಹೇಳದೆ ಎದ್ದು ಹೋಗುವುದನ್ನು ಈಗ ಬೇಕಾದರೂ ಮಾಡಿ ತೋರಿಸಬಲ್ಲೆ. ಹೊಳಲ್ಕೆರೆ ಬಸ್ಸಿನ ಕಂಡಕ್ಟರು ಊರುಗಳ ಹೆಸರನ್ನು ಮೂಗಿನಲ್ಲೇ ಕರೆಯುವುದು, ನಮ್ಮಮ್ಮ ಬೆಳಗ್ಗೆ ಎಬ್ಬಿಸುವಾಗ ಮೊದಲ ಸಲ ಜೇನಾಗಿ ಆಮೇಲೆ ಚೇಳಾಗುವುದು, ಎಲ್ಲ ಬರುತ್ತದೆ. ಸ್ವಂತ ದನಿ ಯಾವುದಪ್ಪ ಅಂದರೆ ಅದೊಂದು ಇನ್ನೂ ಪ್ರಾಕ್ಟೀಸ್ ಆಗಿಲ್ಲ. ಹಾಗಾಗಿ, ಭೂಗೋಳದ ಮೇಡಂ ನಿವೃತ್ತರಾದ ಮೇಲೆ ಅವರ ಬಗ್ಗೆ ಬರೆಯುವ ಕೆಲಸವನ್ನು ಸ್ಟಾಫ್ ರೂಮಿನವರು ನನ್ನ ತಲೆಗೆ ಕಟ್ಟಿದಾಗ ತಪ್ಪಿಸಿಕೊಳ್ಳಲು ನೋಡಿದೆ. ನಾನು ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವವನು, ಬರೆಯುವವನಲ್ಲ. ‘ಅವರ ಕಾರಲ್ಲಿ ಜಾಸ್ತಿ ತಿರುಗಿದೋನು ನೀನೇ, ನೀನೇ ಬರಿ’ ಅಂದರು. ಅದು ಮಾತ್ರ ನಿಜ.

ಹೆಸರು ಹಾಕುವುದಿಲ್ಲ. ಹಾಕಿದರೆ ‘ನನ್ನ ಹೆಸರು ಯಾಕೆ ಹಾಕಿದೆ?’ ಅಂತ ಮೇಡಂ ಕೇಳುತ್ತಾರೆ. ಹಾಕದಿದ್ದರೆ ‘ಯಾಕೆ ಹಾಕಲಿಲ್ಲ?’ ಅಂತ ಕೇಳುತ್ತಾರೆ. ಹೇಗೂ ಕೇಳಿಸಿಕೊಳ್ಳುವುದು ತಪ್ಪದಿದ್ದ ಮೇಲೆ ಶ್ರಮ ಕಡಿಮೆ ಇರುವ ದಾರಿಯೇ ವಾಸಿ.

‘ಹೌದಾ? ಯಾಕೆ?’ ಅನ್ನುವುದು ಅವರ ಉಸಿರಾಟ. ಕ್ಯಾಂಟೀನಿನವನು ಇವತ್ತು ಟೀ ಇಲ್ಲ, ಹಾಲು ಒಡೆದುಹೋಯಿತು ಅಂದರೆ ಬೇರೆಯವರು ಬೈದುಕೊಂಡು ಹೋಗುತ್ತಿದ್ದರು. ಮೇಡಂ ‘ಹೌದಾ? ಯಾಕೆ?’ ಅಂತ ಒಳಗೆ ಹೋಗಿ ಪಾತ್ರೆ ಮೂಸಿ ನೋಡುತ್ತಿದ್ದರು. ನಾನು ಇದನ್ನು ಲೈಬ್ರರಿಯಲ್ಲಿ ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಒಂದು ದಿನ ನಗುವವರೆಲ್ಲ ಇದ್ದಕ್ಕಿದ್ದಂತೆ ಪುಸ್ತಕ ಓದತೊಡಗಿದರು. ತಿರುಗಿ ನೋಡಿದರೆ ಮೇಡಂ ಬಾಗಿಲಲ್ಲಿ ನಿಂತಿದ್ದಾರೆ. ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಇನ್ನೊಂದು ಸಲ ಮಾಡು ಅಂದರು. ಮಾಡಿದೆ. ಕಣ್ಣು ಮುಚ್ಚಿ ಕೇಳಿದರು.

‘ನನ್ನ ‘ಯಾಕೆ’ ಕೊನೇಲಿ ಮೇಲಕ್ಕೆ ಹೋಗಲ್ಲಪ್ಪ, ಕೆಳಕ್ಕೆ ಇಳೀತೈತೆ. ನೀನು ಯಾಕೆ ಮೇಲಕ್ಕೆ ಒಯ್ದೆ?’

ನನ್ನ ಜೀವನದಲ್ಲಿ ನನ್ನ ಮಿಮಿಕ್ರಿಯನ್ನು ತಿದ್ದಿದವರು ಅವರೊಬ್ಬರೇ. ಅವತ್ತಿಂದ ನನಗೆ ‘ಗಿಣಿ’ ಅಂತ ಹೆಸರಾಯಿತು.

ಅವರ ಊರು ತುರುವನೂರು. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಎಡಗಾಲು ಸೊರಗಿತ್ತು. ಚಿತ್ರದುರ್ಗದಲ್ಲಿ ಬಾಡಿಗೆ ಮನೆ. ಆ ಮನೆಯ ಹಾಲಿನಲ್ಲಿ ಬೇರೆಯವರು ದೇವರ ಪಟ ಇಡುವ ಕಡೆ ಇವರು ಮಣ್ಣಿನ ಬಾಟಲಿಗಳನ್ನು ಇಟ್ಟಿದ್ದರು. ತುರುವನೂರಿನ ಕಪ್ಪು ಮಣ್ಣು, ಹೊಸದುರ್ಗದ ಕಡೆಯ ಕೆಂಪು, ಬಬ್ಬೂರಿನದು, ಸಿರಿಗೆರೆಯದು, ಒಂದೊಂದಕ್ಕೂ ಒಂದೊಂದು ಚೀಟಿ. ರಜೆ ಬಂದರೆ ತಮ್ಮ ಕ್ಲಾಸಿನ ಹುಡುಗಿಯರನ್ನು ಕಾರಿನಲ್ಲಿ ತುಂಬಿಕೊಂಡು ಮಣ್ಣು ಅಗೆಯಲು ಹೊರಡುವರು. ಬಾಟಲಿಗಳನ್ನು ಹೊರುವ ಪಾಲು ನನ್ನದು. ಮಣ್ಣು ಹೊರೋದಕ್ಕೂ ಡಿಗ್ರಿ ಮಾಡಿದೆಯಲ್ಲೋ ಅಂತ ನಮ್ಮಪ್ಪ ಬಹಳ ಹೆಮ್ಮೆಯಿಂದ ಅನ್ನುತ್ತಿದ್ದರು.

ಇನ್ನು ಆ ಕಾರು. ಸಿಂಗಪುರದಲ್ಲಿದ್ದ ಯಾರೋ ಡಾಕ್ಟರು ಊರಿಗೆ ವಾಪಸ್ ಬರುವಾಗ ಹಡಗಿನಲ್ಲಿ ತಂದ ಹಳೇ ಜಪಾನ್ ಕಾರು. ಅವರು ಮಾರಿದಾಗ ಮೇಡಂ ತಗೊಂಡರು. ಅದಕ್ಕೆ ಕ್ಲಚ್ ಇಲ್ಲ, ಎರಡೇ ಪೆಡಲ್. ಗೇರು ತಾನೇ ಬದಲಾಗುತ್ತದೆ. ತೊಂಬತ್ತರ ದಶಕದ ಚಿತ್ರದುರ್ಗದಲ್ಲಿ ಇದನ್ನು ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಹೊಸದುರ್ಗದಲ್ಲಿ ಒಬ್ಬ ಹಿರಿಯರು ಕಿಟಕಿಯಿಂದ ಬಗ್ಗಿ ನೋಡಿ, ‘ಒಂದು ಪೆಡಲ್ ಯಾರೋ ಕದ್ದವ್ರೆ ಕಣಮ್ಮ, ಕಂಪ್ಲೇಂಟ್ ಕೊಡು’ ಅಂದಿದ್ದರು. ಮೇಡಂ ಮಾತ್ರ ಆ ಕಾರಿನ ಬಗ್ಗೆ ಒಂದೇ ಮಾತು ಹೇಳುತ್ತಿದ್ದರು: ‘ನನ್ನ ಎಡಗಾಲಿಗೆ ಕೆಲಸ ಹೇಳದೇ ಇರೋದು ಈ ಪ್ರಪಂಚದಲ್ಲಿ ಇದೊಂದೇ ನೋಡಪ್ಪ.’

ಅವರ ತಮ್ಮ ಹೊಸದುರ್ಗದಲ್ಲಿ ಸರ್ಕಾರಿ ನೌಕರ. ಅಕ್ಕನ ಮೇಲೆ ಪ್ರಾಣ, ಅಕ್ಕನ ಕಾರು ಕಂಡರೆ ಆಗದು. ಅದಕ್ಕೆ ಕಾರಣವೂ ಇತ್ತು. ಒಮ್ಮೆ ತಾನೇ ಓಡಿಸಿ ನೋಡುತ್ತೇನೆ ಅಂತ ಕೂತರು. ಅಭ್ಯಾಸಬಲದಿಂದ ಎಡಗಾಲು ಕ್ಲಚ್ ಹುಡುಕಿ, ಸಿಕ್ಕಿದ್ದನ್ನು ಪೂರ್ತಿ ತುಳಿಯಿತು. ಸಿಕ್ಕಿದ್ದು ಬ್ರೇಕು. ಮುಂದೆ ಕೂತಿದ್ದ ನಾನು ಗಾಜಿಗೆ ಮುತ್ತು ಕೊಟ್ಟೆ. ‘ಲೇ, ಇದು ಕಾರಲ್ಲ, ಕೋಣ’ ಅಂತ ಇಳಿದು ಬಾಗಿಲು ಹಾಕಿದವರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿಗೆ ರೋಗ ಶುರುವಾಯಿತು. ಡ್ರೈವ್‌ನ ಡಿ ಅನ್ನುವ ಅಕ್ಷರಕ್ಕೆ ಗೇರ್ ಲಿವರ್ ತಂದರೆ ತಕ್ಷಣ ಹೊರಡುತ್ತಿದ್ದ ಕಾರು, ಯೋಚನೆ ಮಾಡಿ ಹೊರಡತೊಡಗಿತು. ಎರಡರಿಂದ ಮೂರನೇ ಗೇರಿಗೆ ಬೀಳುವ ಮುಂಚೆ ಇಂಜಿನ್ನು ಸುಮ್ಮನೆ ಕೂಗಿಕೊಳ್ಳುವುದು, ಗಾಡಿ ಮಾತ್ರ ಮುಂದೆ ಹೋಗದು. ಹಿರಿಯೂರಿನಿಂದ ಬರುವಾಗ ಹೈವೇಯ ಏರಿನಲ್ಲಿ ಹೀಗೆ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಹುಡುಗಿಯರಿದ್ದರು. ಬೆನ್ನ ಹಿಂದೆ ಲಾರಿಯೊಂದು ಬ್ರೇಕ್ ಹಾಕಿದ ಸದ್ದು ಇದೆಯಲ್ಲ, ಅದನ್ನು ಮಾತ್ರ ನಾನು ಇವತ್ತಿಗೂ ಯಾರ ಮುಂದೂ ಮಾಡಿ ತೋರಿಸಿಲ್ಲ.

ವಿಷಯ ತಮ್ಮನಿಗೆ ಗೊತ್ತಾಯಿತು. ಅವತ್ತೇ ಸಂಜೆ ಬಂದರು. ಆಟೋ ಐತೆ, ಬಸ್ಸು ಐತೆ, ನಾನಿದೀನಿ, ಈ ಕೋಣ ಯಾಕೆ ಬೇಕು ಅಂದರು. ಹುಡುಗಿಯರು ಕೂತಿದ್ದ ಗಾಡಿ ನಡುರಸ್ತೆಯಲ್ಲಿ ನಿಂತಿದ್ದು ಮೇಡಂ ತಲೆಯಿಂದಲೂ ಹೋಗಿರಲಿಲ್ಲ.

‘ಆಯುಧಪೂಜೆ ತನಕ ನೋಡ್ತೀನಿ ಕಣೋ. ಅಷ್ಟರೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ನೀನು ಹೇಳ್ದೋರಿಗೆ ಮಾರಿಬಿಡ್ತೀನಿ,’ ಅಂದರು. ತಮ್ಮ ಹೋದ ಮೇಲೆ ನನ್ನ ಕಡೆ ತಿರುಗಿ, ‘ಅದು ಕೆಟ್ಟಿದ್ದಕ್ಕಲ್ಲ ಗಿಣಿ ಬೇಜಾರು. ಯಾಕೆ ಕೆಟ್ತು ಅಂತ ಗೊತ್ತಾಗದೇ ಮಾರ್ಬೇಕಲ್ಲ’ ಅಂದರು. ನಾನು ನಂಬಲಿಲ್ಲ. ಅವರ ಕೈ ಕಾರಿನ ಕೀಲಿಯನ್ನು ಬಿಟ್ಟಿರಲಿಲ್ಲ.

ಹೊಳಲ್ಕೆರೆ ರಸ್ತೆಯಲ್ಲಿ ತಿಪ್ಪೇಶಣ್ಣನ ಗ್ಯಾರೇಜು. ಅವನ ಬಗ್ಗೆ ಅವನೇ ಹೇಳುವುದನ್ನು ಕೇಳಿದರೆ ಗಾಡಿ ಅನ್ನುವುದನ್ನು ಕಂಡುಹಿಡಿದವನೇ ಅವನು. ಇಂಥ ಗೇರ್ ಬಾಕ್ಸನ್ನು ಕಣ್ಣಲ್ಲಿ ನೋಡಿರಲಿಲ್ಲ, ಆದರೆ ಅದನ್ನು ಒಪ್ಪಿಕೊಳ್ಳುವಷ್ಟು ಬಡವನೂ ಅಲ್ಲ. ‘ಬರ್ರಿ ಮೇಡಮ್ಮಾರೆ, ಕುಂತ್ಕಳ್ರಿ. ಇಂಥವು ಎಷ್ಟೋ ಬಿಚ್ಚೀನಿ,’ ಅಂದ. ‘ಹೌದಾ? ಯಾಕೆ ಬಿಚ್ಚಿದ್ರಿ?’ ಅಂತ ಮೇಡಂ ಕೇಳಿದ್ದೇ ತಡ, ಟೀ ತರಿಸುವ ನೆಪದಲ್ಲಿ ಎದ್ದು ಹೋದ.

ಬೆಂಗಳೂರಿನಲ್ಲಿ ಹಳೇ ಜಪಾನ್ ಕಾರುಗಳ ಸಾಮಾನು ಇಟ್ಟಿದ್ದ ಒಬ್ಬ ಭಾಯ್‌ನ ನಂಬರನ್ನು ಮೇಡಂ ಡಾಕ್ಟರ ಮನೆಯಿಂದ ಪಡೆದಿದ್ದರು. ಗೇರ್ ಬಾಕ್ಸಿನ ಆಯಿಲ್ ಮತ್ತು ಅದರೊಳಗಿನ ಫಿಲ್ಟರ್ ಬದಲಾಯಿಸಿ ನೋಡಿ, ಆಮೇಲೆ ಮಾತು ಅಂತ ಅವನು ಹೇಳಿ, ಫಿಲ್ಟರನ್ನು ಬಸ್ಸಿನಲ್ಲಿ ಕಳಿಸಿದ. ಆಯಿಲ್ ಇಲ್ಲೆಲ್ಲೂ ಸಿಗಲಿಲ್ಲ. ಕೊನೆಗೆ ಹಿರಿಯೂರಿನ ಹೈವೇ ಪಕ್ಕದಲ್ಲಿ ಲಾರಿ ಸಾಮಾನಿನ ಅಂಗಡಿಯಲ್ಲಿ, ಪವರ್ ಸ್ಟೇರಿಂಗಿಗೆ ಹಾಕುವ ಕೆಂಪು ಆಯಿಲ್ ಇದೆಯಲ್ಲ, ಅದು ಸಿಕ್ಕಿತು. ಭಾಯ್ ಹೇಳಿದ ಜಾತಿಯದೇ ಹೌದಾ ಅಂತ ಡಬ್ಬಿಯ ಮೇಲಿನ ಅಕ್ಷರ ಪೂರ್ತಿ ಓದಿ ಮೇಡಂ ತಂದರು.

ಬಿಚ್ಚುವ ದಿನ ಗ್ಯಾರೇಜಿನಲ್ಲಿ ನಾಟಕ ನೋಡುವಷ್ಟು ಜನ. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ತಿಪ್ಪೇಶಣ್ಣ ಕೆಳಗಿಳಿದ. ಗೇರ್ ಬಾಕ್ಸಿನ ತಳದಲ್ಲಿ ತಟ್ಟೆಯಂಥದ್ದೊಂದು, ಅದಕ್ಕೆ ಅವನು ಚೇಂಬರ್ ಅನ್ನುತ್ತಿದ್ದ. ಸುತ್ತ ಬೋಲ್ಟುಗಳು. ಎಲ್ಲ ಸಡಿಲ ಮಾಡಿ ಒಂದು ಮೂಲೆಯನ್ನು ಮೆಲ್ಲಗೆ ಇಳಿಸಬೇಕಿತ್ತು. ಮೆಲ್ಲಗೆ ಅನ್ನುವುದು ಅವನ ಜಾಯಮಾನದಲ್ಲಿಲ್ಲ. ಚೇಂಬರ್ ಒಮ್ಮೆಲೇ ಬಾಗಿ ಆಯಿಲ್ಲು ಅವನ ಭುಜದ ಮೇಲೆ ಬಂತು. ಕೆಂಪಗಿರಬೇಕಾದ ಆಯಿಲ್ ಕಾಫಿ ಕಷಾಯದ ಬಣ್ಣಕ್ಕಿತ್ತು, ಸೀದ ವಾಸನೆ. ಮೇಡಂ ಗುಂಡಿಯ ಅಂಚಿನಲ್ಲಿ ಕೂತು ಬೆರಳು ಅದ್ದಿ ಮೂಸಿದರು, ಪಕ್ಕದವರಿಗೂ ಮೂಸಲು ಕೊಟ್ಟರು, ತೀರ್ಥ ಹಂಚುವ ಹಾಗೆ. ಚೇಂಬರಿನ ತಳದಲ್ಲಿ ಒಂದು ಸಣ್ಣ ಅಯಸ್ಕಾಂತ, ಅದರ ತುಂಬ ಕಾಡಿಗೆಯಂಥ ಕಪ್ಪು. ಅದು ಏನು, ಯಾಕೆ ಅಲ್ಲಿದೆ ಅಂತ ಪ್ರಶ್ನೆ ಬಂತು. ಒಳಗೆ ಸವೆದ ಕಬ್ಬಿಣದ ಪುಡಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ ಅಂತ ಎಲ್ಲರೂ ಸೇರಿ ಉತ್ತರ ಕಂಡುಕೊಂಡೆವು. ಹಳೇ ಫಿಲ್ಟರಿನ ಜಾಲರಿ ಮುಚ್ಚಿಹೋಗಿತ್ತು. ಮೇಡಂ ಮುಖದಲ್ಲಿ ಗೆಲುವು ಬಂತು. ಕಳ್ಳ ಸಿಕ್ಕಿದ ಅಂದುಕೊಂಡೆವು.

ಚೇಂಬರ್ ಕೂರಿಸಲು, ಆಯಿಲ್ ಸೋರದಂತೆ ನಡುವೆ ಇಡುವ ಹೊಸ ಪ್ಯಾಕಿಂಗ್ ಬೇಕಲ್ಲ. ತಿಪ್ಪೇಶಣ್ಣ ದಪ್ಪ ಹಾಳೆಯೊಂದನ್ನು ಚೇಂಬರಿನ ಅಂಚಿನ ಮೇಲೆ ಹಾಸಿ ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾ ಹೋದ. ತಟ್ಟಿದಲ್ಲೇ ಹಾಳೆ ಕತ್ತರಿಸಿಕೊಂಡು, ಚೇಂಬರಿನ ಆಕಾರವೇ ಹಾಳೆಗೆ ಇಳಿಯಿತು. ಅದನ್ನು ನೋಡಿ ಮೇಡಂ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡರು. ಉಳಿದರ್ಧ ಪ್ಯಾಕಿಂಗ್ ತಟ್ಟಿದ್ದು ಅವರೇ. ‘ನಕ್ಷೆ ಬಿಡಿಸೋದು ಹಿಂಗೆ ಕಲಿಸಿದ್ರೆ ಒಬ್ಬ ಹುಡುಗೀನೂ ಫೇಲಾಗಲ್ಲ’ ಅಂದರು.

ಇನ್ನು ಆಯಿಲ್ ಅಳತೆ. ನಮ್ಮ ಸೀಮೆಯ ಡ್ರೈವರುಗಳಿಗೆಲ್ಲ ಒಂದು ಮಡಿ ಇದೆ. ಬೆಳಗ್ಗೆ ಎದ್ದು, ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ತಣ್ಣಗಿರುವಾಗ ಆಯಿಲ್ ಅಳೆಯುವ ಕಡ್ಡಿ ಎಳೆದು ಒರೆಸಿ ಅದ್ದಿ ನೋಡಬೇಕು. ಅಪ್ಪ ಮಗನಿಗೆ, ಡ್ರೈವರು ಕ್ಲೀನರಿಗೆ ಕಲಿಸುವ ಮೊದಲ ಪಾಠವೇ ಇದು. ತಿಪ್ಪೇಶಣ್ಣ ಇದರಲ್ಲಿ ಮಹಾ ಕಟ್ಟುನಿಟ್ಟು. ಕಾರನ್ನು ರಾತ್ರಿಯಿಡೀ ಗ್ಯಾರೇಜಿನಲ್ಲೇ ತಣ್ಣಗಾಗಲು ಬಿಟ್ಟ. ಮೇಡಂ ಅವನಿಗಿಂತ ಒಂದು ಕೈ ಮೇಲೆ: ನೆಲ ಸಮ ಇದೆಯೋ ಇಲ್ಲವೋ ನೋಡಲು ನನ್ನಿಂದ ಗೋಲಿ ಉರುಳಿಸಿದರು. ಬೆಳಗ್ಗೆ ಗುರುತಿಗೆ ಸರಿಯಾಗಿ, ಕೂದಲೆಳೆ ಹೆಚ್ಚುಕಡಿಮೆ ಇಲ್ಲದಂತೆ ಕೆಂಪು ಆಯಿಲ್ ತುಂಬಿದೆವು. ಅಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆ ಕೂಡ ಬರೆದಿಲ್ಲ.

ಕಾರು ಮೊದಲಿಗಿಂತ ಕೆಟ್ಟದಾಗಿ ಓಡಿತು.

ತಿಪ್ಪೇಶಣ್ಣ ಬಾನೆಟ್ ಎತ್ತಿ ನೋಡಿ ಮತ್ತೆ ಮುಚ್ಚಿದ. ಆಯುಧಪೂಜೆಗೆ ವಾರವೂ ಇರಲಿಲ್ಲ. ತಮ್ಮ ಫೋನ್ ಮಾಡಿ, ಕಾರು ಕೊಳ್ಳುವ ದಾವಣಗೆರೆಯವರು ಹಬ್ಬದ ದಿನವೇ ಬಂದು ನೋಡುತ್ತಾರೆ ಅಂದರು. ಮೇಡಂ ಆಯ್ತು ಅಂದರು. ಯಾಕೆ ಅಂತ ಕೇಳಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿದ್ದು ಆವಾಗ.

ಬೆಂಗಳೂರಿನ ಭಾಯ್‌ಗೆ ಫೋನ್ ಮಾಡಿದರೆ, ಗಾಡಿ ಸದ್ದು ಕೇಳದೆ ನಾನು ಏನೂ ಹೇಳಲ್ಲ ಮೇಡಂ, ಇಲ್ಲಿಗೆ ತನ್ನಿ ಅಂದ. ಏರು ಹತ್ತದ ಗಾಡಿ ಬೆಂಗಳೂರಿಗೆ ಹೋಗುವುದೆಲ್ಲಿ? ಮೇಡಂ ರಿಸೀವರ್ ಇಟ್ಟು ನನ್ನನ್ನು ನೋಡಿದರು. ಆ ನೋಟ ನನಗೆ ಗೊತ್ತಿತ್ತು, ಮಣ್ಣು ನೋಡುವಾಗಿನದು.

‘ಗಿಣಿ, ಪ್ರಿನ್ಸಿಪಾಲರನ್ನ ಮಾಡ್ತೀಯ, ಕಂಡಕ್ಟರನ್ನ ಮಾಡ್ತೀಯ. ನನ್ನ ಕಾರು ಮಾಡು.’

ಅವತ್ತು ಮಧ್ಯಾಹ್ನ ಊರಾಚೆಯ ಖಾಲಿ ರಸ್ತೆಯಲ್ಲಿ ಅವರು ಕಾರು ಓಡಿಸಿದರು, ನಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತೆ. ನಿಂತಲ್ಲಿಂದ ಹೊರಡುವುದು, ಎರಡಕ್ಕೆ ಬೀಳುವುದು, ಮೂರಕ್ಕೆ ಬೀಳದೆ ಅರಚುವುದು. ಬಾಯಲ್ಲಿ ಕಲಿತು ಒಪ್ಪಿಸಿದೆ. ತಿರುವಿನಲ್ಲಿ ಒಂದು ಸಣ್ಣ ಸೀಟಿ ಬರುತ್ತೆ, ಅದನ್ನು ನೀನು ಮಾಡಲಿಲ್ಲ ಅಂದರು. ಅದು ಕಾರಿನದಲ್ಲ, ಗಾಳಿಯದು ಅಂದೆ. ‘ಕಿಟಕಿ ಮುಚ್ಚೈತಲ್ಲಪ್ಪ’ ಅಂದು ಮತ್ತೆ ಅದೇ ತಿರುವಿಗೆ ಒಯ್ದರು. ಹೌದು, ಇತ್ತು. ಸೊಳ್ಳೆ ಅಳುವಷ್ಟು ಸಣ್ಣ ಸೀಟಿ.

ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ನಾನು ಕಾರಾದೆ. ಹೊರಗೆ ಸಾಲು ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕಡೆಯಿಂದ ಭಾಯ್ ಕೇಳಿದ:

‘ಮೇಡಂ, ಗಾಡೀನ ಬೂತ್ ಒಳಗೇ ತಂದ್ರಾ?’

ನನಗೆ ಸಿಕ್ಕ ಪ್ರಶಸ್ತಿಗಳಲ್ಲಿ ಅದೇ ದೊಡ್ಡದು. ಬೇರೆ ಯಾವುದೂ ಸಿಕ್ಕಿಲ್ಲ ಅನ್ನುವುದು ಬೇರೆ ಮಾತು. ತಿರುವಿನಲ್ಲಿ ಹೇಗೆ ಅಂತ ಕೇಳಿದ. ಸೀಟಿ ಹಾಕಿದೆ. ಇನ್ನೊಂದು ಸಲ ಅಂದ. ಹಾಕಿದೆ. ಫೋನು ಮೇಡಂಗೆ ಕೊಡು ಅಂದ. ರಿಸೀವರಿಗೆ ಇಬ್ಬರೂ ಕಿವಿ ಕೊಟ್ಟು ನಿಂತೆವು.

‘ಅದು ಗಾಳಿ ಕುಡೀತಾ ಇದೆ ಮೇಡಂ. ಆಯಿಲ್ ಕಮ್ಮಿ. ಕಡ್ಡಿ ಹೆಂಗೆ ನೋಡಿದ್ರಿ?’

ರಾತ್ರಿಯೆಲ್ಲ ತಣ್ಣಗೆ ಮಾಡಿ, ಇಂಜಿನ್ ಆಫ್ ಮಾಡಿ, ಸಮ ನೆಲದ ಮೇಲೆ ಅಂತ ಮೇಡಂ ಹೆಮ್ಮೆಯಿಂದಲೇ ಹೇಳಿದರು. ಭಾಯ್ ನಕ್ಕ. ಇಂಜಿನ್ ಆಯಿಲ್‌ಗೆ ಅದು ಸರಿ, ಇದಕ್ಕೆ ಪೂರಾ ಉಲ್ಟಾ ಅಂದ. ಗಾಡಿ ನಿಂತಾಗ ಆಯಿಲ್ಲೆಲ್ಲ ಕೆಳಗಿಳಿದು ಚೇಂಬರಿನಲ್ಲಿ ಕೂತು ಕಡ್ಡಿಯಲ್ಲಿ ಜಾಸ್ತಿ ತೋರಿಸುತ್ತದೆ. ಓಡುವಾಗ ಅದೆಲ್ಲ ಮೇಲಕ್ಕೆ ಹೋಗಿ ಚೇಂಬರ್ ಬರಿದಾಗುತ್ತದೆ. ಹಾಗಾಗಿ ಈ ಕಾರಿನಲ್ಲಿ ಗಾಡಿ ಬಿಸಿ ಮಾಡಿ, ಲಿವರನ್ನು ಎಲ್ಲ ಅಕ್ಷರಕ್ಕೂ ಒಮ್ಮೆ ಆಡಿಸಿ, ಪಾರ್ಕ್ ಅನ್ನುವ ಪಿ ಅಕ್ಷರಕ್ಕೆ ತಂದು, ಇಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡಬೇಕು.

ತಿಪ್ಪೇಶಣ್ಣ ಸುತಾರಾಂ ಒಪ್ಪಲಿಲ್ಲ. ಓಡೋ ಗಾಡಿಯ ಕಡ್ಡಿ ಎಳೆಯೋದು ಉಣ್ಣೋನ ಬಾಯಿಗೆ ಕೈ ಹಾಕಿದಂಗೆ ಅಂದ. ಮೇಡಂ ಅವನಿಗೆ ಸಮಾಧಾನವಾಗಿ ಹೇಳಿದರು: ‘ತೂಬು ಮುಚ್ಚಿದಾಗ ಮಾರಿಕಣಿವೆ ಡ್ಯಾಮಿನ ನೀರು ನೋಡಿ ಗದ್ದೆಗೆ ಸಾಕು ಅಂದ್ವಿ ತಿಪ್ಪೇಶಣ್ಣ. ತೂಬು ತೆಗೆದು ನೋಡಾಣ.’ ಆ ನೀರಿನಲ್ಲೇ ಹಿರಿಯೂರಿನಲ್ಲಿ ಗದ್ದೆ ಮಾಡುತ್ತಿದ್ದ ಹೆಂಡತಿಯ ತವರು ನೆನಪಾಯಿತೋ ಏನೋ, ತಲೆ ಕೆರೆದುಕೊಂಡು ಬಾನೆಟ್ ಎತ್ತಿದ.

ಇಂಜಿನ್ ಓಡುತ್ತಿರುವಾಗ ಕಡ್ಡಿ ಎಳೆದರೆ ತುದಿಯಲ್ಲಿ ಒಂದು ಚೂರೇ ಚೂರು ಕೆಂಪು. ಸ್ವಲ್ಪ ಸ್ವಲ್ಪವಾಗಿ ಆಯಿಲ್ ಬಿಟ್ಟು, ನೋಡಿ, ಬಿಟ್ಟು, ನೋಡಿ, ಗುರುತು ಮುಟ್ಟಿಸಿದರು. ಮೇಡಂ ಲಿವರನ್ನು ಡಿಗೆ ತಂದರು. ಕಾರು ಯೋಚನೆ ಮಾಡಲಿಲ್ಲ. ಹೊಳಲ್ಕೆರೆ ರಸ್ತೆಯ ಏರಿನಲ್ಲಿ ಒಂದು, ಎರಡು, ಮೂರು, ಬಿದ್ದಿದ್ದೇ ಗೊತ್ತಾಗಲಿಲ್ಲ. ತಿರುವಿನಲ್ಲಿ ಮೇಡಂ ಕಿವಿ ನಿಗುರಿಸಿದರು. ಸೀಟಿ ಇಲ್ಲ. ವಾಪಸ್ ಬಂದು ಇಳಿಯುವಾಗ ಒಮ್ಮೆ ಸ್ಟೇರಿಂಗ್ ಮೇಲೆ ಹಣೆ ಇಟ್ಟರು. ನಾನು ಬೇರೆ ಕಡೆ ನೋಡಿದೆ. ಆಮೇಲೆ ಭಾಯ್ ಹೇಳಿದ್ದನ್ನು ತಾನೇ ಕಂಡುಹಿಡಿದೆ ಅಂತ ತಿಪ್ಪೇಶಣ್ಣ ಊರೆಲ್ಲ ಹೇಳಿಕೊಂಡು ಬಂದ. ಮೇಡಂ ಅದನ್ನೂ ಕುತೂಹಲದಿಂದಲೇ ಕೇಳಿಸಿಕೊಂಡರು.

ಆಯುಧಪೂಜೆಯ ದಿನ ತಮ್ಮ ಬಂದರು, ದಾವಣಗೆರೆಯವರು ಹಿಂದೆ ಬರುತ್ತಿದ್ದಾರೆ ಅಂದರು. ಕಾರಿಗೆ ಚೆಂಡು ಹೂವು, ಬಾಳೆಕಂದು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು. ಮಂಗಳಾರತಿ ಆದ ಮೇಲೆ ಹಣ್ಣಿನ ಮೇಲೆ ಹತ್ತಿಸಬೇಕು. ಮೇಡಂ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿ, ಡಿಗೆ ತಂದು, ಬ್ರೇಕಿನಿಂದ ಕಾಲು ಸ್ವಲ್ಪ ಎತ್ತಿದರು ಅಷ್ಟೆ. ಇಂಥ ಗಾಡಿ ಬ್ರೇಕ್ ಬಿಟ್ಟರೆ ಸಾಕು, ತಾನೇ ತೆವಳುತ್ತದೆ. ಆರತಿ ತಟ್ಟೆ ಇನ್ನೂ ತಮ್ಮನ ಕೈಯಲ್ಲೇ ಇತ್ತು. ಕಾರು ನಿಂಬೆಹಣ್ಣನ್ನೆಲ್ಲ ಅಪ್ಪಚ್ಚಿ ಮಾಡಿ ಅವರ ಮುಂದೆ ಬಂದು ನಿಂತಿತು.

‘ಅಕ್ಕ, ಇದಕ್ಕೆ ಮಂಗಳಾರತಿ ತನಕ ತಡ್ಕಳ್ಳೋ ತಾಳ್ಮೆ ಇಲ್ವಲ್ಲೇ,’ ಅಂದರು ತಮ್ಮ.

‘ವಾರದ ಹಿಂದೆ ಇದು ಹೊರಡ್ತಾನೇ ಇರ್ಲಿಲ್ಲ ಕಣೋ. ಹತ್ತು, ಕುಂತ್ಕ. ಕಾಲು ಮಡಚ್ಕಂಡು ಕುಂತ್ಕ, ಇಲ್ಲಾಂದ್ರೆ ಅದು ಕ್ಲಚ್ ಹುಡುಕ್ತೈತೆ.’

ತಮ್ಮ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೊಸದುರ್ಗಕ್ಕೆ ಹೋದರು. ದಾವಣಗೆರೆಯವರು ಬಂದಾಗ ಅಂಗಳದಲ್ಲಿದ್ದದ್ದು ನಾನು, ಅಪ್ಪಚ್ಚಿಯಾದ ನಿಂಬೆಹಣ್ಣು, ಅಷ್ಟೇ. ಆ ಸೀದ ಹಳೇ ಆಯಿಲ್ ಒಂದು ಬಾಟಲಿ ಮಣ್ಣಿನ ಬಾಟಲಿಗಳ ಸಾಲಿಗೆ ಸೇರಿತು, ಅದಕ್ಕೂ ಒಂದು ಚೀಟಿ.

ಆಮೇಲೆ ಎಷ್ಟೋ ವರ್ಷ ಆ ಕಾರು ಓಡಿತು. ಓಡುತ್ತಲೇ ಇದೆ. ಮೊನ್ನೆ ಮೇಡಂ ಬೀಳ್ಕೊಡುಗೆ ಸಮಾರಂಭದಲ್ಲಿ ಎಲ್ಲರೂ ಮೇಡಂನ ಮಾಡು ಅಂತ ನನ್ನನ್ನು ವೇದಿಕೆಗೆ ತಳ್ಳಿದರು. ನಾನು ಅವರ ಕಾರನ್ನು ಮಾಡಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮಾಲೆ ಹಾಕಿಕೊಂಡು ಕೂತಿದ್ದ ಮೇಡಂ ಕಣ್ಣು ಮುಚ್ಚಿ ಕೇಳಿ, ಮೂರನೇದು ಲೇಟಾಗಿ ಬಿತ್ತು ಅಂದರು.

ನಮ್ಮಲ್ಲಿ ನಿವೃತ್ತರಾದವರನ್ನು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಕೂರಿಸಿ ಮನೆಗೆ ಬಿಡುವುದು ರೂಢಿ. ತಿಪ್ಪೇಶಣ್ಣ ತನ್ನ ಜೀಪಿಗೆ ಗಾಜು ಕಾಣದಷ್ಟು ಹೂವು ಕಟ್ಟಿಕೊಂಡು ಬಂದಿದ್ದ. ಮೇಡಂ ಅದರ ಸುತ್ತ ಒಂದು ಸುತ್ತು ಬಂದರು, ಬಹಳ ಚೆನ್ನಾಗೈತೆ ಅಂದರು, ಮಾಲೆ ತೆಗೆದು ನನ್ನ ಕೊರಳಿಗೆ ಹಾಕಿದರು, ಹೋಗಿ ತಮ್ಮದೇ ಕಾರಿನಲ್ಲಿ ಕೂತರು. ಪಕ್ಕದಲ್ಲಿ ತಮ್ಮ, ಕಾಲು ಮಡಚಿಕೊಂಡು. ಸಿಂಗರಿಸಿದ ಜೀಪು ಖಾಲಿ ಹೋಗಬಾರದು ಅಂತ ನನ್ನನ್ನು ಅದಕ್ಕೆ ಹತ್ತಿಸಿದರು. ದಾರಿಯಲ್ಲಿ ಇಬ್ಬರು ನನಗೆ ಮದುವೆಯ ಶುಭಾಶಯ ಹೇಳಿದರು. ಹೆಣ್ಣೆಲ್ಲಿ ಅಂತ ಒಬ್ಬ ಕೇಳಿದ. ಮುಂದೆ ಹೋಗುತ್ತಿದ್ದ ಕಾರಿನ ಜೊತೆ ನನ್ನ ಬಾಯಿ ತಾನಾಗಿಯೇ ಗೇರು ಬದಲಾಯಿಸುತ್ತಿತ್ತು.

ಮನೆಯ ಮುಂದೆ ಮೇಡಂ ಕಾರು ನಿಲ್ಲಿಸಿ ಇಳಿದರು. ಕೋಲೂರಿಕೊಂಡು ಜೀಪಿನ ಹತ್ತಿರ ಬಂದರು. ಏನಾದರೂ ದೊಡ್ಡ ಮಾತು ಹೇಳುತ್ತಾರೆ ಅಂತ ನಾನು ಮಾಲೆ ಸರಿ ಮಾಡಿಕೊಂಡು ಕೂತೆ.

‘ತಿಪ್ಪೇಶಣ್ಣ, ದಾರಿ ಉದ್ದಕ್ಕೂ ಎರಡನೇ ಗೇರಲ್ಲೇ ಬಂದ್ರಲ್ಲ, ಯಾಕೆ?’

ತಿಪ್ಪೇಶಣ್ಣ ಇಂಜಿನ್ ಆಫ್ ಮಾಡಿದ.

‘ಮುಂದೆ ನೀವಿದ್ರಲ್ಲ ಮೇಡಮ್ಮಾರೆ,’ ಅಂದ.